ಕಡಲಾಚೆಗೆ ಕೇಳಿಸಲು ಯಾವ ತಂತಿ ಆಂಟೆನಾ?

ಪ್ರಶ್ನೆ: ನಾನು 100 ವ್ಯಾಟ್ ಸಾಮರ್ಥ್ಯದ ರಿಗ್ (ಸಂಕೇತ ಕಳುಹಿಸುವ ಮತ್ತು ಕೇಳುವ ಯಂತ್ರ) ಬಳಸುವ ಹವ್ಯಾಸಿ ರೇಡಿಯೋ ಪರವಾನಗಿದಾರ. ಒಂದಕ್ಕೊಂದು 26 ಮೀಟರ್ ದೂರದಲ್ಲಿ ಎರಡು ಮರದ ಕಂಬಗಳಿದ್ದು, ಅವುಗಳ ನಡುವೆ 12 ಮೀಟರ್ ಎತ್ತರದವರೆಗೆ ಹಗ್ಗ ಕಟ್ಟಬಹುದು. ಸದ್ಯಕ್ಕೆ 40 ಮೀಟರ್ ಬ್ಯಾಂಡಿಗೆ ಕತ್ತರಿಸಿದ ಇನ್‌ವರ್ಟೆಡ್ ವೀ, ಎಂದರೆ ನಡು ಮೇಲಿದ್ದು ಎರಡು ತೋಳುಗಳು ಇಳಿಬಿದ್ದ ತಂತಿ ಆಂಟೆನಾ, ಇದೆ. ಅದರ ನೆತ್ತಿ ಒಂದು ಗಳುವಿನ ಮೇಲೆ 7 ಮೀಟರ್ ಎತ್ತರದಲ್ಲಿದೆ, ತುದಿಗಳು ನೆಲದಿಂದ 2 ಮೀಟರ್ ಮೇಲಿವೆ. ಎಸ್‌ಡಬ್ಲ್ಯೂಆರ್ (ಆಂಟೆನಾ ಕಡೆಯಿಂದ ಎಷ್ಟು ಶಕ್ತಿ ಹಿಂದಿರುಗುತ್ತದೆ ಎಂಬುದರ ಸೂಚಕ, 1 ಎಂದರೆ ಏನೂ ಇಲ್ಲ) 1.3 ತೋರಿಸುತ್ತದೆ. ಏಳೆಂಟು ನೂರು ಕಿಲೋಮೀಟರ್ ಒಳಗಿನ ಕೇಂದ್ರಗಳು ಬಲವಾಗಿ ಸಿಗುತ್ತವೆ. ಸಾಗರದಾಚೆಯವರು ಕೇಳಿಸುತ್ತಾರೆ, ಆದರೆ ಎಷ್ಟು ಕರೆದರೂ ಉತ್ತರ ಬರುವುದಿಲ್ಲ. 40, 20, 15 ಮತ್ತು 10 ಮೀಟರ್ ಬ್ಯಾಂಡುಗಳಲ್ಲಿ ಡಿಎಕ್ಸ್ (ದೂರದ ಸಂಪರ್ಕ) ಮಾಡಬೇಕೆಂಬ ಆಸೆ. ಡೈಪೋಲ್, ವರ್ಟಿಕಲ್, ಡೆಲ್ಟಾ ಲೂಪ್, ಎಂಡ್-ಫೆಡ್, ಜಿ5ಆರ್‌ವಿ ಇವುಗಳಲ್ಲಿ ಯಾವುದನ್ನು ಕಟ್ಟಲಿ?

ಉತ್ತರ: ನೀವು ಐದು ಆಂಟೆನಾಗಳ ಹೆಸರು ಹೇಳಿದ್ದೀರಿ. ಆದರೆ ನಿಮ್ಮ ಪ್ರಶ್ನೆಯಲ್ಲಿ ಅವೆಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳ ಮಾಹಿತಿಯೆಂದರೆ 12 ಮೀಟರ್ ಎಂಬ ಸಂಖ್ಯೆ. ಅಡ್ಡವಾಗಿ ಕಟ್ಟಿದ ತಂತಿ ದೂರಕ್ಕೆ ಕೇಳಿಸುತ್ತದೆಯೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆ ತಂತಿ ನೆಲದಿಂದ ಎಷ್ಟು ತರಂಗಾಂತರ ಮೇಲಿದೆ ಎಂಬ ಲೆಕ್ಕ. ಎಷ್ಟು ಮೀಟರ್ ಎಂಬುದಲ್ಲ, ಎಷ್ಟು ತರಂಗಾಂತರ ಎಂಬುದು. ಬ್ಯಾಂಡಿನ ಹೆಸರಿನಲ್ಲಿರುವ ಮೀಟರ್ ಸಂಖ್ಯೆಯೇ ಸರಿಸುಮಾರು ಅದರ ತರಂಗಾಂತರ. ಅದೇ 12 ಮೀಟರ್ ಎತ್ತರ 10 ಮೀಟರ್ ಬ್ಯಾಂಡಿನಲ್ಲಿ ಗೋಪುರದಷ್ಟು ಎತ್ತರ, 40 ಮೀಟರ್ ಬ್ಯಾಂಡಿನಲ್ಲಿ ಮೊಣಕಾಲೆತ್ತರ. ಆದ್ದರಿಂದ ನಾಲ್ಕೂ ಬ್ಯಾಂಡುಗಳಿಗೆ ಒಂದೇ ತಂತಿ ಎಂಬ ಆಸೆಯನ್ನು ನೀವು ಬಿಡಬೇಕಾಗುತ್ತದೆ. ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ: 20, 15 ಮತ್ತು 10 ಮೀಟರ್‌ಗೆ ಹಗ್ಗದ ಪೂರ್ಣ ಎತ್ತರದಲ್ಲಿ ಅಡ್ಡ ಡೈಪೋಲ್‌ಗಳು (ನಡುವಿನಿಂದ ಶಕ್ತಿ ಕೊಡುವ ಎರಡು ತೋಳಿನ ತಂತಿಗಳು), 40 ಮೀಟರ್‌ಗೆ ಒಂದು ಕಂಬದ ಪಕ್ಕದಲ್ಲಿ ನೆಟ್ಟಗೆ ನಿಂತ ಕಾಲು ತರಂಗಾಂತರದ ತಂತಿ, ಎಂದರೆ ವರ್ಟಿಕಲ್. ಹೀಗೇಕೆ ಎಂಬುದನ್ನು ಮುಂದೆ ವಿವರಿಸುತ್ತೇನೆ.

ದೂರದ ಸಂಪರ್ಕವೆಂದರೆ ಅಯಾನುಗೋಳಕ್ಕೂ (ವಾತಾವರಣದ ಮೇಲಿನ, ವಿದ್ಯುದಾವೇಶ ಪಡೆದ ಪದರಗಳು) ನೆಲಕ್ಕೂ ನಡುವೆ ಸಂಕೇತ ಪುಟಿಯುತ್ತ ಸಾಗುವುದು. ಅದರ ಎಫ್2 ಪದರ ಸುಮಾರು 300 ಕಿಲೋಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ದಿಗಂತದಿಂದ 30 ಡಿಗ್ರಿ ಮೇಲಕ್ಕೆ ಹೊರಟ ಅಲೆ ಒಂದು ನೆಗೆತದಲ್ಲಿ ಸುಮಾರು 900 ಕಿಲೋಮೀಟರ್ ದಾಟುತ್ತದೆ. 10 ಡಿಗ್ರಿಯಲ್ಲಿ ಹೊರಟದ್ದು ಸುಮಾರು 2,200 ಕಿಲೋಮೀಟರ್ ದಾಟುತ್ತದೆ. ಅಂದರೆ 10,000 ಕಿಲೋಮೀಟರ್ ದೂರದ ಗೆಳೆಯನನ್ನು ಮುಟ್ಟಲು ಮೊದಲನೆಯದಕ್ಕೆ ಹನ್ನೊಂದು ನೆಗೆತಗಳು ಬೇಕು, ಎರಡನೆಯದಕ್ಕೆ ಐದು ಸಾಕು. ಪ್ರತಿ ನೆಗೆತದಲ್ಲೂ ನೆಲಕ್ಕೆ ತಗುಲಿದಾಗ ಒಂದಿಷ್ಟು ಶಕ್ತಿ ಹೋಗುತ್ತದೆ, ಹಗಲಿನಲ್ಲಿ ಅದರ ಕೆಳಗಿನ, ಶಕ್ತಿ ಹೀರುವ ಡಿ ಪದರವನ್ನು ಎರಡೆರಡು ಬಾರಿ ಹಾಯುವಾಗ ಇನ್ನೊಂದಿಷ್ಟು ಕರಗುತ್ತದೆ. ಹನ್ನೊಂದು ಸಲ ಸುಂಕ ಕಟ್ಟಿದ ಸಂಕೇತ ಆ ಕಡೆಯ ಗದ್ದಲದ ಮಟ್ಟಕ್ಕಿಂತ ಮೇಲೇಳುವುದು ಅಪರೂಪ. ಆದಕಾರಣ ಡಿಎಕ್ಸ್ ಆಂಟೆನಾದಿಂದ ನಾವು ಬಯಸುವುದು ಮುಖ್ಯವಾಗಿ ಸುಮಾರು 5ರಿಂದ 15 ಡಿಗ್ರಿಯ ತಗ್ಗಿನ ಕೋನದಲ್ಲಿ ಹೊರಡುವ ಶಕ್ತಿಯನ್ನು. ಆಂಟೆನಾದ ಒಟ್ಟು ಗೇನ್ (ಶಕ್ತಿಯನ್ನು ಒಂದೆಡೆಗೆ ಕೂಡಿಸುವ ಬಲ) ಎಂದು ಹೇಳುವ ಸಂಖ್ಯೆ ಯಾವ ಕೋನದಲ್ಲಿ ಸಿಗುತ್ತದೆ ಎಂದು ಕೇಳದೆ ಅದನ್ನು ನಂಬಬಾರದು.

ಅಡ್ಡ ತಂತಿಯಿಂದ ಹೊರಟ ಅಲೆಯ ಒಂದು ಭಾಗ ನೇರವಾಗಿ ಹೋಗುತ್ತದೆ, ಇನ್ನೊಂದು ಭಾಗ ನೆಲಕ್ಕೆ ಬಡಿದು ತಲೆಕೆಳಗಾಗಿ ಮೇಲೇಳುತ್ತದೆ. ಇವೆರಡೂ ಒಂದನ್ನೊಂದು ಬಲಪಡಿಸುವ ಕೋನ ಯಾವುದು ಎಂಬುದನ್ನು ನಿರ್ಧರಿಸುವುದು ಎತ್ತರ. ಲೆಕ್ಕ ಸರಳ: ತರಂಗಾಂತರವನ್ನು ಎತ್ತರದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಆ ಕೋನದ ಸೈನ್. ಅರ್ಧ ತರಂಗಾಂತರ ಎತ್ತರಕ್ಕೆ 30 ಡಿಗ್ರಿ, ಪೂರ್ಣ ತರಂಗಾಂತರಕ್ಕೆ ಹದಿನಾಲ್ಕೂವರೆ ಡಿಗ್ರಿ, ಕಾಲು ತರಂಗಾಂತರ ಮತ್ತು ಅದಕ್ಕಿಂತ ಕಡಿಮೆ ಎತ್ತರದಲ್ಲಿ ನೆತ್ತಿಯ ನೇರಕ್ಕೆ. ನಿಮ್ಮ 12 ಮೀಟರ್ ಹಗ್ಗಕ್ಕೆ ಇದನ್ನು ಹಚ್ಚಿದರೆ 40 ಮೀಟರ್ ಬ್ಯಾಂಡಿನಲ್ಲಿ ಸುಮಾರು 62 ಡಿಗ್ರಿ, 20ರಲ್ಲಿ 26, 15ರಲ್ಲಿ 17, 10ರಲ್ಲಿ 13 ಡಿಗ್ರಿ ಬರುತ್ತದೆ. ಈ ನಾಲ್ಕು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ರಿಗ್ಗಿನ ಮುಂದೆ ಅಂಟಿಸಿಕೊಳ್ಳಿ. ಯಾವ ಬ್ಯಾಂಡಿಗೆ ಅಡ್ಡ ತಂತಿ ಒಪ್ಪುತ್ತದೆ, ಯಾವುದಕ್ಕೆ ಒಪ್ಪುವುದಿಲ್ಲ ಎಂಬುದು ಅದರಲ್ಲೇ ಇದೆ. ಇದು ಮುಖ್ಯ ದಳದ (ಶಕ್ತಿ ಹೆಚ್ಚು ಹೊರಡುವ ಭಾಗದ) ತುದಿಯ ಕೋನ ಮಾತ್ರ, ಅದಕ್ಕಿಂತ ಕೆಳಗೆ ಏನೂ ಹೊರಡುವುದಿಲ್ಲ ಎಂದು ಅರ್ಥವಲ್ಲ. 26 ಡಿಗ್ರಿಗೆ ಮುಖ ಮಾಡಿದ ಡೈಪೋಲ್ 10 ಡಿಗ್ರಿಯಲ್ಲೂ ಉಪಯುಕ್ತ ಪ್ರಮಾಣದ ಶಕ್ತಿಯನ್ನು ಕಳುಹಿಸುತ್ತದೆ. ಆ ತಗ್ಗಿನ ಕೋನದಲ್ಲಿ ಕಾಲು ತರಂಗಾಂತರ ಎತ್ತರದ ತಂತಿಯನ್ನು ಅರ್ಧ ತರಂಗಾಂತರಕ್ಕೆ ಏರಿಸಿದರೆ ಸಿಗುವ ಲಾಭ ಸುಮಾರು 6 ಡೆಸಿಬೆಲ್, ಎಂದರೆ 100 ವ್ಯಾಟ್‌ನಿಂದ 400 ವ್ಯಾಟ್‌ಗೆ ಹೋದಂತೆ. ಕೇಳುವಾಗಲೂ ಅಷ್ಟೇ ಲಾಭ ಸಿಗುತ್ತದೆ ಎಂಬುದು ಆಂಪ್ಲಿಫೈಯರ್ ಕೊಳ್ಳುವವರಿಗೆ ಮರೆತುಹೋಗುವ ಮಾತು.

ಈಗ ನಿಮ್ಮ ಇನ್‌ವರ್ಟೆಡ್ ವೀ ಕಡೆಗೆ ಬರೋಣ. ನೆತ್ತಿ 7 ಮೀಟರಿನಲ್ಲಿದ್ದು ತುದಿಗಳು 2 ಮೀಟರಿಗೆ ಇಳಿದಿರುವುದರಿಂದ ಅದರ ಸರಾಸರಿ ಎತ್ತರ ನಾಲ್ಕೂವರೆ ಮೀಟರಿನ ಆಸುಪಾಸಿನಲ್ಲಿದೆ. ಪ್ರವಾಹ ನಡುಭಾಗದಲ್ಲೇ ಹೆಚ್ಚು ಇರುವುದನ್ನು ಗಣನೆಗೆ ತೆಗೆದುಕೊಂಡರೂ 40 ಮೀಟರ್ ಬ್ಯಾಂಡಿನಲ್ಲಿ ಅದು ತರಂಗಾಂತರದ ಏಳನೆಯ ಒಂದು ಭಾಗಕ್ಕಿಂತ ಕಡಿಮೆಯೇ. ಅಂಥ ಆಂಟೆನಾ ಹೆಚ್ಚಿನ ಶಕ್ತಿಯನ್ನು ಆಕಾಶಕ್ಕೆ ನೆಟ್ಟಗೆ ಎಸೆಯುತ್ತದೆ. ಏಳೆಂಟು ನೂರು ಕಿಲೋಮೀಟರ್ ಒಳಗೆ ನಿಮಗೆ ಸಿಗುತ್ತಿರುವ ಒಳ್ಳೆಯ ಫಲಿತಾಂಶ ಅದರಿಂದಲೇ ಬಂದದ್ದು. ಆಂಟೆನಾ ಕೆಟ್ಟಿಲ್ಲ, ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ. ಆ ಕೆಲಸ ನಿಮಗೆ ಬೇಕಾದದ್ದಲ್ಲ, ಅಷ್ಟೆ. ದೂರದವರು ಕೇಳಿಸುತ್ತಾರೆ ಆದರೆ ಅವರಿಗೆ ನಾನು ಕೇಳಿಸುವುದಿಲ್ಲ ಎಂಬುದಕ್ಕೂ ವಿವರಣೆ ಇದೆ. ಆಂಟೆನಾ ಕಳುಹಿಸುವಾಗಲೂ ಕೇಳುವಾಗಲೂ ಒಂದೇ ರೀತಿ ವರ್ತಿಸುತ್ತದೆ. ಆದರೆ ನಿಮಗೆ ಕೇಳಿಸುವ ದೂರದ ಕೇಂದ್ರ ಅನೇಕ ಸಲ 1,000 ವ್ಯಾಟ್ ಬಳಸುತ್ತಿರುತ್ತದೆ, ನಿಮ್ಮದು 100. ಅಲ್ಲಿಗೇ 10 ಡೆಸಿಬೆಲ್ ವ್ಯತ್ಯಾಸ ಆಯಿತು. ಅವನಿದ್ದಲ್ಲಿ ಗದ್ದಲ ನಿಮ್ಮಲ್ಲಿಗಿಂತ ಹೆಚ್ಚಿದ್ದರೆ ಅಂತರ ಇನ್ನೂ ಬೆಳೆಯುತ್ತದೆ.

ಎಸ್‌ಡಬ್ಲ್ಯೂಆರ್ 1.3 ಎಂದು ನೀವು ಸಮಾಧಾನದಿಂದ ಬರೆದಿರುವುದನ್ನು ಗಮನಿಸಿದೆ. ಆ ಮೀಟರು ಹೇಳುವುದು ರಿಗ್ಗಿನಿಂದ ಹೊರಟ ಶಕ್ತಿ ಎಷ್ಟರ ಮಟ್ಟಿಗೆ ಹಿಂದಿರುಗದೆ ಹೋಯಿತು ಎಂಬುದನ್ನು ಮಾತ್ರ. ಹೋದದ್ದು ಗಾಳಿಗೋ, ಮಣ್ಣಿಗೋ, ಕೇಬಲ್ಲಿನ ಬಿಸಿಗೋ ಎಂಬುದನ್ನು ಅದು ಹೇಳಲಾರದು. 50 ಓಮ್‌ನ ಡಮ್ಮಿ ಲೋಡ್, ಎಂದರೆ ಪರೀಕ್ಷೆಗೆ ಆಂಟೆನಾ ಬದಲು ಜೋಡಿಸುವ ರೋಧಕ, 1.0 ತೋರಿಸುತ್ತದೆ, ಆದರೆ ಅದರಿಂದ ಪಕ್ಕದ ಬೀದಿಗೂ ಸಂಕೇತ ಹೋಗುವುದಿಲ್ಲ. ಈ ಮಾತು ಮುಂದೆ ವರ್ಟಿಕಲ್ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಮೇಲಿನ ಮೂರು ಬ್ಯಾಂಡುಗಳ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಹಗ್ಗದ ಪೂರ್ಣ ಎತ್ತರದಲ್ಲಿ, ಬಾಗಿಸದೆ, ಸಪಾಟಾಗಿ ಕಟ್ಟಿದ ಅರ್ಧ ತರಂಗಾಂತರದ ಡೈಪೋಲ್‌ಗಳನ್ನು ಒಂದೇ ಫೀಡ್‌ಲೈನಿಗೆ (ರಿಗ್ಗಿನಿಂದ ಆಂಟೆನಾಕ್ಕೆ ಹೋಗುವ ಕೇಬಲ್ಲಿಗೆ) ಸೇರಿಸಿ ಬೀಸಣಿಗೆಯಂತೆ ಇಳಿಬಿಡಿ. ಇದನ್ನೇ ಫ್ಯಾನ್ ಡೈಪೋಲ್ ಎನ್ನುವುದು. 143 ಎಂಬ ಸಂಖ್ಯೆಯನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರ್‌ಗಳಲ್ಲಿ ಒಟ್ಟು ಉದ್ದ ಸಿಗುತ್ತದೆ. 14.15ಕ್ಕೆ 10.1 ಮೀಟರ್, 21.2ಕ್ಕೆ 6.75 ಮೀಟರ್, 28.4ಕ್ಕೆ ಸುಮಾರು 5.05 ಮೀಟರ್. ಪ್ಲಾಸ್ಟಿಕ್ ಹೊದಿಕೆಯ ತಂತಿಯಾದರೆ ಇದಕ್ಕಿಂತ ಎರಡು ಮೂರು ಶೇಕಡಾ ಕಡಿಮೆ ಉದ್ದದಲ್ಲೇ ಅನುರಣನೆ ಬರುತ್ತದೆ, ಹಾಗಿದ್ದರೂ ಮೊದಲು ಉದ್ದವಾಗಿಯೇ ಕತ್ತರಿಸಿ. ತಂತಿಯನ್ನು ಮೊಟಕು ಮಾಡುವುದು ಸುಲಭ, ಬೆಳೆಸುವುದು ಬೇಸರದ ಕೆಲಸ. ಮೂರು ಜೋಡಿಗಳ ತುದಿಗಳ ನಡುವೆ ಕನಿಷ್ಠ ಒಂದು ಮೊಳದಷ್ಟಾದರೂ ಅಂತರವಿರಲಿ, ಏಕೆಂದರೆ ಹತ್ತಿರ ಬಂದಷ್ಟೂ ಒಂದರ ಶ್ರುತಿಯನ್ನು ಇನ್ನೊಂದು ಕೆಡಿಸುತ್ತದೆ. ಎಲ್ಲಕ್ಕಿಂತ ಉದ್ದನೆಯದನ್ನು ಮೊದಲು ಸರಿಪಡಿಸಿ, ನಂತರ ನಡುವಿನದು, ಕೊನೆಗೆ ಚಿಕ್ಕದು. ಆಮೇಲೆ ಮೊದಲನೆಯದಕ್ಕೆ ಮರಳಿ ಮತ್ತೊಮ್ಮೆ ಪರೀಕ್ಷಿಸಿ. ಇದು ಒಂದು ಇಡೀ ದಿನದ ಕೆಲಸವೆಂದೇ ಲೆಕ್ಕ ಹಾಕಿಕೊಂಡು ಶುರುಮಾಡಿದರೆ ತಾಳ್ಮೆ ಉಳಿಯುತ್ತದೆ.

ಇನ್‌ವರ್ಟೆಡ್ ವೀ ರೂಪವನ್ನೇ ಮೇಲಕ್ಕೆ ಏರಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಒಂದೇ ಕಂಬ ಇರುವವರಿಗೆ ಅದು ಒಳ್ಳೆಯ ರಾಜಿ. ನಡುವಿನ ಕೋನ 90 ಡಿಗ್ರಿಗಿಂತ ಕಿರಿದಾಗದಿದ್ದರೆ ನಷ್ಟವೂ ದೊಡ್ಡದಲ್ಲ. ಆದರೆ ನಿಮ್ಮಲ್ಲಿ ಎರಡು ಕಂಬಗಳಿವೆ. ಕಷ್ಟಪಟ್ಟು ಗಳಿಸಿದ ಎತ್ತರವನ್ನು ತುದಿಗಳನ್ನು ಇಳಿಬಿಟ್ಟು ಕಳೆದುಕೊಳ್ಳಲು ಕಾರಣವೇ ಇಲ್ಲ. ಹಗ್ಗದ ನಡುವೆ ಕೇಬಲ್ಲಿನ ಭಾರ ಜೋತುಬಿದ್ದು ಒಂದು ಮೀಟರ್ ತಗ್ಗಿದರೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಫೀಡ್‌ಲೈನ್ ಹಗುರವಾಗಿರಲಿ, ಹಗ್ಗ ಹಿಗ್ಗದಂಥದ್ದಾಗಿರಲಿ, ಒಂದು ತುದಿಯಲ್ಲಿ ರಾಟೆ ಹಾಕಿ ಭಾರದ ಗುಂಡನ್ನು ತೂಗುಬಿಡಿ. ಗಾಳಿಗೆ ಕಂಬ ತೂಗಿದಾಗ ಗುಂಡು ಏರಿಳಿಯುತ್ತದೆ, ತಂತಿ ತುಂಡಾಗುವುದಿಲ್ಲ.

ಡೈಪೋಲ್ ತನ್ನ ಉದ್ದಕ್ಕೆ ಅಡ್ಡಲಾದ ಎರಡು ದಿಕ್ಕುಗಳಲ್ಲಿ ಬಲವಾಗಿಯೂ ತುದಿಗಳ ದಿಕ್ಕಿನಲ್ಲಿ ದುರ್ಬಲವಾಗಿಯೂ ಕೇಳಿಸುತ್ತದೆ. ತಂತಿ ನೆಲಕ್ಕೆ ಹತ್ತಿರವಿದ್ದಾಗ ಈ ಭೇದ ಅಳಿಸಿಹೋಗಿರುತ್ತದೆ, ಅರ್ಧ ತರಂಗಾಂತರದ ಮೇಲೆ ಏರಿದಾಗ ಸ್ಪಷ್ಟವಾಗುತ್ತದೆ. ನಿಮ್ಮ ಕಂಬಗಳ ದಿಕ್ಕನ್ನು ಬದಲಾಯಿಸಲಾಗದಿದ್ದರೂ ಯಾವ ನಾಡುಗಳು ನಿಮ್ಮ ತಂತಿಗೆ ಅಡ್ಡಲಾಗಿ ಬೀಳುತ್ತವೆ ಎಂಬುದನ್ನು ತಿಳಿದಿರಿ. ಗೋಡೆಗೆ ನೇತುಹಾಕುವ ಸಾಮಾನ್ಯ ಭೂಪಟದಲ್ಲಿ ಇದನ್ನು ನೋಡಬಾರದು, ರೇಡಿಯೋ ಅಲೆ ಸಾಗುವುದು ಗೋಳದ ಮೇಲಿನ ಅತಿ ಹತ್ತಿರದ ದಾರಿಯಲ್ಲಿ. ನಿಮ್ಮ ಸ್ಥಳವನ್ನೇ ಕೇಂದ್ರವಾಗಿಟ್ಟು ಎಲ್ಲ ದಿಕ್ಕು ಮತ್ತು ದೂರಗಳನ್ನು ಸರಿಯಾಗಿ ತೋರಿಸುವ ನಕ್ಷೆಯನ್ನು ಮುದ್ರಿಸಿಕೊಳ್ಳಿ. ಪೂರ್ವಕ್ಕಿದೆ ಎಂದುಕೊಂಡ ದೇಶ ಉತ್ತರದ ಕಡೆಗೆ ಸರಿದು ಕುಳಿತಿರುವುದನ್ನು ಮೊದಲ ಬಾರಿ ಕಂಡಾಗ ಅನುಭವಸ್ಥರಿಗೂ ಬೆರಗಾಗುತ್ತದೆ. ಮುಂದೊಂದು ದಿನ ಒಂದೇ ದಿಕ್ಕಿನ ಮೇಲೆ ಮನಸ್ಸಾದರೆ, 20 ಮೀಟರ್ ಡೈಪೋಲಿನ ಹಿಂದೆ ಸುಮಾರು 3 ಮೀಟರ್ ದೂರದಲ್ಲಿ ಶೇಕಡಾ 5ರಷ್ಟು ಉದ್ದನೆಯ ಇನ್ನೊಂದು ತಂತಿಯನ್ನು, ಎಲ್ಲಿಗೂ ಜೋಡಿಸದೆ, ಪ್ರತಿಫಲಕವಾಗಿ ಕಟ್ಟಬಹುದು. ಆಗ ಮುಂದಿನ ದಿಕ್ಕಿಗೆ ಸುಮಾರು 4 ಡೆಸಿಬೆಲ್ ಸೇರುತ್ತದೆ. ಅದು ಎರಡನೆಯ ವರ್ಷದ ಕೆಲಸ.

ಕಷ್ಟ ಇರುವುದು 40 ಮೀಟರ್‌ನಲ್ಲಿ. ಈ ಬ್ಯಾಂಡನ್ನು ಬಿಟ್ಟುಬಿಡಿ ಎಂದು ಹೇಳುವಂತೆಯೂ ಇಲ್ಲ. 2019ರ ಡಿಸೆಂಬರಿನಲ್ಲಿ ಆರಂಭವಾದ 25ನೆಯ ಸೌರಚಕ್ರ 2024ರ ಹೊತ್ತಿಗೆ ತನ್ನ ಉತ್ತುಂಗದ ಹಂತವನ್ನು ಮುಟ್ಟಿತ್ತು. ಸುಮಾರು ಹನ್ನೊಂದು ವರ್ಷಗಳ ಈ ಚಕ್ರ ಇಳಿಮುಖವಾದಂತೆ 10 ಮೀಟರ್ ಬ್ಯಾಂಡ್ ದಿನಗಟ್ಟಲೆ ಮೌನವಾಗುವುದು ಹೆಚ್ಚುತ್ತದೆ, ದೂರದ ಸಂಪರ್ಕದ ಭಾರ 20 ಮತ್ತು 40 ಮೀಟರ್‌ಗಳ ಮೇಲೆ ಬೀಳುತ್ತದೆ. 40 ಮೀಟರ್‌ನ ಅಡ್ಡ ಡೈಪೋಲನ್ನು 12 ಮೀಟರ್‌ಗೆ ಏರಿಸಿದರೆ ಈಗಿನ ವೀ ರೂಪಕ್ಕಿಂತ ತಗ್ಗಿನ ಕೋನದಲ್ಲಿ ನಾಲ್ಕೈದು ಡೆಸಿಬೆಲ್ ಲಾಭವಾಗಬಹುದು. ಆದರೂ ಅದರ ಮುಖ ಇನ್ನೂ 62 ಡಿಗ್ರಿಗೇ ಇರುತ್ತದೆ, ಅದನ್ನು 30 ಡಿಗ್ರಿಗೆ ಇಳಿಸಲು 21 ಮೀಟರ್ ಎತ್ತರ ಬೇಕು. ಎತ್ತರ ಸಿಗದಾಗ ತಂತಿಯನ್ನು ನಿಲ್ಲಿಸುವುದೇ ದಾರಿ. ನೆಟ್ಟಗೆ ನಿಂತ ಕಾಲು ತರಂಗಾಂತರದ ತಂತಿ ನೆತ್ತಿಯ ಕಡೆಗೆ ಬಹುತೇಕ ಏನನ್ನೂ ಕಳುಹಿಸದೆ, ದಿಗಂತಕ್ಕೆ ಹತ್ತಿರದ ಕೋನಗಳಲ್ಲಿ ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ. 7.1 ಮೆಗಾಹರ್ಟ್ಸ್‌ಗೆ ಅದರ ಉದ್ದ ಸುಮಾರು 10 ಮೀಟರ್. ನಿಮ್ಮ 12 ಮೀಟರ್ ಕಂಬದ ಪಕ್ಕಕ್ಕೆ ಅಳತೆ ತೆಗೆದು ಮಾಡಿಸಿದಂತಿದೆ.

ವರ್ಟಿಕಲ್ ಎಂದರೆ ದೂರಕ್ಕೆ ರಾಮಬಾಣ ಎಂಬ ಮಾತನ್ನು ಮಾತ್ರ ಅರ್ಧ ನಂಬಿ. ನೆಟ್ಟಗೆ ನಿಂತ ತಂತಿಯಿಂದ ಹೊರಡುವ, ಲಂಬ ಧ್ರುವೀಕರಣದ ಅಲೆಗೆ ನೆಲ ಕನ್ನಡಿಯಂತೆ ವರ್ತಿಸುವುದು ಉಪ್ಪುನೀರಿನ ಮೇಲೆ. ಕಡಲ ಅಂಚಿನಲ್ಲಿ ನಿಲ್ಲಿಸಿದ ಸಾಧಾರಣ ವರ್ಟಿಕಲ್ ಒಳನಾಡಿನ ದೊಡ್ಡ ಆಂಟೆನಾಗಳನ್ನು ನಾಚಿಸುವುದು ಇದೇ ಕಾರಣಕ್ಕೆ. ಸಾಮಾನ್ಯ ಮಣ್ಣಿನ ಮೇಲೆ ದಿಗಂತಕ್ಕೆ ತೀರ ಹತ್ತಿರದ ಕೋನಗಳಲ್ಲಿ ಪ್ರತಿಫಲಿತ ಅಲೆ ನೇರ ಅಲೆಗೆ ವಿರುದ್ಧವಾಗಿ ನಿಂತು ಅದನ್ನು ತಗ್ಗಿಸುತ್ತದೆ, ಒಣ ಕಲ್ಲುನೆಲದಲ್ಲಿ ಇದು ಇನ್ನೂ ಹೆಚ್ಚು. ಈ ಪ್ರತಿಫಲನ ನಡೆಯುವುದು ಆಂಟೆನಾದಿಂದ ಅನೇಕ ತರಂಗಾಂತರಗಳಾಚೆ. ನೀವು ಅಂಗಳದಲ್ಲಿ ಎಷ್ಟು ತಂತಿ ಹಾಸಿದರೂ ಅದನ್ನು ತಿದ್ದಲಾರಿರಿ. ಹೀಗಾಗಿ ಸಾಧಾರಣ ಮಣ್ಣಿನಲ್ಲಿ, 10 ಡಿಗ್ರಿ ಕೋನದಲ್ಲಿ, 12 ಮೀಟರ್ ಎತ್ತರದ ಅಡ್ಡ ಡೈಪೋಲಿಗಿಂತ ಚೆನ್ನಾಗಿ ಕಟ್ಟಿದ ವರ್ಟಿಕಲ್ ಒಂದೆರಡು ಡೆಸಿಬೆಲ್ ಮಾತ್ರ ಮುಂದಿರುತ್ತದೆ. 5 ಡಿಗ್ರಿಯಲ್ಲಿ ಅಂತರ ಹೆಚ್ಚುತ್ತದೆ. ಈಗಿನ ನಿಮ್ಮ ವೀ ರೂಪದೊಡನೆ ಹೋಲಿಸಿದರೆ ಲಾಭ ಎದ್ದುಕಾಣುತ್ತದೆ. ಇನ್ನೊಂದು ಲಾಭವನ್ನು ಅಂಕಿಗಳಲ್ಲಿ ಹೇಳುವುದು ಕಷ್ಟ: ರಾತ್ರಿ 40 ಮೀಟರ್‌ನಲ್ಲಿ ಮೇಲಿನಿಂದ ಸುರಿಯುವ ಹತ್ತಿರದ ಬಲಿಷ್ಠ ಕೇಂದ್ರಗಳು ವರ್ಟಿಕಲ್‌ನಲ್ಲಿ ಕುಗ್ಗುತ್ತವೆ, ಅವುಗಳಡಿಯಲ್ಲಿ ಹುದುಗಿದ್ದ ದೂರದ ಕ್ಷೀಣ ದನಿ ಹೊರಬರುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಮನೆಯೊಳಗಿನ ವಿದ್ಯುತ್ ಉಪಕರಣಗಳ ಗದ್ದಲವನ್ನು ವರ್ಟಿಕಲ್ ಸಾಮಾನ್ಯವಾಗಿ ಅಡ್ಡ ತಂತಿಗಿಂತ ಹೆಚ್ಚು ಹಿಡಿಯುತ್ತದೆ. ಈ ಕಾರಣಕ್ಕೇ ಹಳೆಯ ವೀ ಆಂಟೆನಾವನ್ನು ಕಿತ್ತುಹಾಕಬೇಡಿ. ಸ್ವಿಚ್ಚಿನ ಒಂದು ಬದಿಯಲ್ಲಿ ಅದು ಇರಲಿ, ಕೆಲವು ರಾತ್ರಿಗಳಲ್ಲಿ ಅದರಲ್ಲಿ ಕೇಳಿ ಇದರಲ್ಲಿ ಕಳುಹಿಸುವುದೇ ಲೇಸಾಗುತ್ತದೆ. ಕೇಳುವುದಕ್ಕೆ ಬೇರೆಯೇ ತಂತಿ ಎಂಬ ವಿಚಾರ ಹೊಸದಲ್ಲ. 1921ರ ಡಿಸೆಂಬರಿನಲ್ಲಿ ಪಾಲ್ ಗಾಡ್ಲಿ ಸ್ಕಾಟ್ಲೆಂಡಿನ ಆರ್ಡ್ರೋಸನ್‌ನಲ್ಲಿ ಕುಳಿತು ಅಟ್ಲಾಂಟಿಕ್ ಆಚೆಯ ಅಮೆರಿಕನ್ ಹವ್ಯಾಸಿಗಳನ್ನು ಕೇಳಿಸಿಕೊಂಡದ್ದು ಬೆವರೇಜ್ ಎಂಬ, ನೆಲದ ಮೇಲೆ ಸ್ವಲ್ಪವೇ ಎತ್ತರದಲ್ಲಿ ಎಳೆದ ಉದ್ದನೆಯ ತಂತಿಯಲ್ಲಿ. ಕಳುಹಿಸುವುದಕ್ಕೆ ಅಂಥ ತಂತಿ ಪ್ರಯೋಜನವಿಲ್ಲ.

ವರ್ಟಿಕಲ್‌ನ ಅರ್ಧ ಭಾಗ ಕಣ್ಣಿಗೆ ಕಾಣುವ ತಂತಿ, ಉಳಿದರ್ಧ ರೇಡಿಯಲ್‌ಗಳು, ಎಂದರೆ ಬುಡದಿಂದ ಸುತ್ತಲೂ ಹರಡುವ ತಂತಿಗಳು. ಎರಡು ವಿಧಾನಗಳಿವೆ. ಒಂದು, ಬುಡವನ್ನು ನೆಲದಲ್ಲೇ ಇಟ್ಟು ಸುತ್ತಲೂ ಹುಲ್ಲಿನ ಮೇಲೆ ತಂತಿಗಳನ್ನು ಹಾಸುವುದು. ನೆಲದ ಮೇಲೆ ಮಲಗಿದ ರೇಡಿಯಲ್‌ಗೆ ಶ್ರುತಿಯ ಉದ್ದವೆಂಬುದಿಲ್ಲ. ಆದ್ದರಿಂದ ಇರುವ ತಂತಿಯನ್ನು ಕೆಲವೇ ಉದ್ದ ತುಂಡುಗಳಾಗಿ ಮಾಡುವುದಕ್ಕಿಂತ 6-7 ಮೀಟರಿನ ಹದಿನಾರು ತುಂಡುಗಳಾಗಿ ಹರಡುವುದು ಉತ್ತಮ. 1937ರಲ್ಲಿ ಬ್ರೌನ್, ಲೂಯಿಸ್ ಮತ್ತು ಎಪ್‌ಸ್ಟೀನ್ ಪ್ರಕಟಿಸಿದ ಪ್ರಯೋಗಗಳ ಬಲದ ಮೇಲೆ ಪ್ರಸಾರ ಕೇಂದ್ರಗಳು 120 ರೇಡಿಯಲ್‌ಗಳನ್ನು ಹೂಳುವ ರೂಢಿಗೆ ಬಂದವು. ಹವ್ಯಾಸಿಗೆ ಅಷ್ಟು ಬೇಡ, ಹದಿನಾರು ಮುವ್ವತ್ತೆರಡರ ನಂತರ ಸಿಗುವ ಹೆಚ್ಚುವರಿ ಲಾಭ ಚಿಲ್ಲರೆಯಷ್ಟು. ಇನ್ನೊಂದು, ಬುಡವನ್ನು 2 ಮೀಟರ್ ಮೇಲಕ್ಕೆತ್ತಿ, ತಲಾ 10 ಮೀಟರಿನ ನಾಲ್ಕು ರೇಡಿಯಲ್‌ಗಳನ್ನು ಗಾಳಿಯಲ್ಲಿ ಎಳೆದು ಕಟ್ಟುವುದು. ಇಲ್ಲಿ ಉದ್ದ ಸರಿಯಾಗಿರಬೇಕು, ನಾಲ್ಕೂ ಸಮನಾಗಿರಬೇಕು. ನಿಮ್ಮ ಅಳತೆಗೆ ಎರಡನೆಯದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ. ಕಡಿಮೆ ತಂತಿಯಲ್ಲಿ ಕಡಿಮೆ ನಷ್ಟ ಎಂಬ ಕಾರಣಕ್ಕೆ ನನ್ನ ಒಲವೂ ಅದರ ಕಡೆಗೇ.

ಎಸ್‌ಡಬ್ಲ್ಯೂಆರ್ ಮೋಸ ಇಲ್ಲಿ ಬಯಲಾಗುತ್ತದೆ. ಕಾಲು ತರಂಗಾಂತರದ ವರ್ಟಿಕಲ್‌ನ ವಿಕಿರಣ ರೋಧ, ಎಂದರೆ ಅಲೆಯಾಗಿ ಹೊರಡುವ ಶಕ್ತಿಗೆ ಲೆಕ್ಕ ಹಿಡಿಯುವ ರೋಧ, ಸುಮಾರು 36 ಓಮ್. ನೆಲದ ಮೇಲೆ ಎರಡು ಮೂರು ರೇಡಿಯಲ್ ಮಾತ್ರ ಹಾಸಿದಾಗ ಮಣ್ಣಿನ ನಷ್ಟದ ರೋಧ ಇದರ ಜೊತೆಗೆ ಸೇರಿ ಒಟ್ಟು 50 ಓಮ್ ಅಥವಾ ಅದಕ್ಕಿಂತ ಮೇಲೆ ಹೋಗುತ್ತದೆ. ಮೀಟರು 1.1 ತೋರಿಸುತ್ತದೆ, ಕಟ್ಟಿದವನು ಹಿಗ್ಗುತ್ತಾನೆ, ಶಕ್ತಿಯ ದೊಡ್ಡ ಪಾಲು ಎರೆಹುಳುಗಳನ್ನು ಬೆಚ್ಚಗಿಡಲು ಹೋಗುತ್ತಿರುತ್ತದೆ. ರೇಡಿಯಲ್‌ಗಳನ್ನು ಹೆಚ್ಚಿಸಿದಂತೆ ಎಸ್‌ಡಬ್ಲ್ಯೂಆರ್ 1.3 ಅಥವಾ 1.4ಕ್ಕೆ ಏರಿದರೆ ಏನೋ ತಪ್ಪಾಯಿತೆಂದು ಭಾವಿಸಬೇಡಿ, ನಷ್ಟ ಇಳಿದದ್ದರ ಗುರುತು ಅದು. ಮೇಲಕ್ಕೆತ್ತಿದ ರೇಡಿಯಲ್‌ಗಳಿಗೆ ಸ್ವಲ್ಪ ಇಳಿಜಾರು ಕೊಟ್ಟರೆ ಈ ರೋಧ 50ರ ಕಡೆಗೆ ಸರಿಯುತ್ತದೆ. ತುದಿಗಳು ಮಾತ್ರ ಯಾರ ಕೈಗೂ ಎಟುಕದಷ್ಟು ಎತ್ತರದಲ್ಲಿರಲಿ.

ಇದೇ 10 ಮೀಟರ್ ತಂತಿ 15 ಮೀಟರ್ ಬ್ಯಾಂಡಿನಲ್ಲಿ ಮುಕ್ಕಾಲು ತರಂಗಾಂತರವಾಗಿ ಶ್ರುತಿಗೆ ಬರುವುದನ್ನು ನೀವು ಗಮನಿಸುವಿರಿ. ಅಲ್ಲಿ ಅದರ ಶಕ್ತಿಯ ಬಹುಭಾಗ ಸುಮಾರು 45 ಡಿಗ್ರಿಗೆ ಏರಿಹೋಗುವುದರಿಂದ ದೂರಕ್ಕೆ ಅದನ್ನು ನಂಬಬೇಡಿ. ಆ ಬ್ಯಾಂಡಿಗೆ ಡೈಪೋಲ್ ಇದ್ದೇ ಇದೆಯಲ್ಲ.

ರೇಡಿಯಲ್ ಎಳೆಯಲು ಜಾಗವೇ ಇಲ್ಲವೆಂದಾದರೆ ಡೆಲ್ಟಾ ಲೂಪ್ (ತ್ರಿಕೋನಾಕಾರದ ಮುಚ್ಚಿದ ತಂತಿ) ನೆನಪಿಗೆ ಬರಬೇಕು. 306ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಸುತ್ತಳತೆ, 7.1ಕ್ಕೆ ಸುಮಾರು 43 ಮೀಟರ್. ಸಮಬಾಹು ತ್ರಿಕೋನ ನಿಮ್ಮ ಹಗ್ಗದಡಿ ಹಿಡಿಸುವುದಿಲ್ಲ. ಆದರೆ ತಳ 17 ಮೀಟರ್, ಎರಡು ಬದಿಗಳು ತಲಾ 13 ಮೀಟರ್ ಇಟ್ಟು ಸ್ವಲ್ಪ ಚಪ್ಪಟೆಯಾಗಿಸಿದರೆ ತಳದ ತಂತಿ ನೆಲದಿಂದ 2 ಮೀಟರಿಗೆ ತುಸು ಮೇಲೆ ನಿಲ್ಲುತ್ತದೆ. ಇಲ್ಲಿ ಎಲ್ಲವೂ ಫೀಡ್‌ಲೈನ್ ಸೇರಿಸುವ ಜಾಗದ ಮೇಲೆ ನಿಂತಿದೆ. ತುತ್ತತುದಿಯಲ್ಲಾಗಲಿ ತಳದ ನಡುವಿನಲ್ಲಾಗಲಿ ಸೇರಿಸಿದರೆ ಅದು ಅಡ್ಡ ಧ್ರುವೀಕರಣದ ತಗ್ಗಿನ ಆಂಟೆನಾ ಆಗುತ್ತದೆ, ಮತ್ತೆ ನೆತ್ತಿಗೇ ಮುಖ. ತುತ್ತತುದಿಯಿಂದ ಬದಿಯ ಉದ್ದಕ್ಕೂ ಕಾಲು ತರಂಗಾಂತರ, ಎಂದರೆ ಸುಮಾರು ಹತ್ತೂಮುಕ್ಕಾಲು ಮೀಟರ್ ಇಳಿದು ಅಲ್ಲಿ ಸೇರಿಸಿದರೆ ಲಂಬ ಧ್ರುವೀಕರಣ ಬಂದು ಕೋನ ತಗ್ಗುತ್ತದೆ. ಒಂದೇ ತಂತಿ, ಒಂದೇ ಆಕಾರ, ಎರಡು ಬೇರೆ ಆಂಟೆನಾಗಳು. ಲೂಪ್ ಕಟ್ಟಿ ನಿರಾಶರಾದವರಲ್ಲಿ ಬಹಳ ಮಂದಿ ಈ ಒಂದು ಜಾಗದಲ್ಲಿ ತಪ್ಪಿದವರು. ಲೂಪಿನ ರೋಧ 50 ಓಮ್‌ಗಿಂತ ಸಾಕಷ್ಟು ಹೆಚ್ಚಿದ್ದರೆ 75 ಓಮ್ ಕೋಆಕ್ಸ್ ಕೇಬಲ್ಲಿನ ಕಾಲು ತರಂಗಾಂತರದ ತುಂಡನ್ನು ನಡುವೆ ಸೇರಿಸಿ ಹೊಂದಿಸಬಹುದು. ಅಲೆ ಕೇಬಲ್ಲಿನೊಳಗೆ ನಿಧಾನವಾಗುವುದರಿಂದ, ಸಾಮಾನ್ಯ ಪಾಲಿಥೀನ್ ಒಳಹೊದಿಕೆಯ ಕೇಬಲ್ಲಾದರೆ ಆ ತುಂಡಿನ ಉದ್ದ ಸುಮಾರು 7 ಮೀಟರ್.

ಒಂದು ತುದಿಯಿಂದ ಶಕ್ತಿ ಕೊಡುವ ಎಂಡ್-ಫೆಡ್ ತಂತಿಯ ಜನಪ್ರಿಯತೆಗೆ ಕಾರಣ ಅನುಕೂಲ. 20 ಮೀಟರ್ ಉದ್ದದ ತಂತಿ, ತುದಿಯಲ್ಲಿ 49ಕ್ಕೆ 1ರ ಟ್ರಾನ್ಸ್‌ಫಾರ್ಮರ್, ನಿಮ್ಮ ನಾಲ್ಕೂ ಬ್ಯಾಂಡುಗಳು ಟ್ಯೂನರ್ (ರಿಗ್ಗಿಗೂ ಆಂಟೆನಾಕ್ಕೂ ಹೊಂದಿಸುವ ಪೆಟ್ಟಿಗೆ) ಇಲ್ಲದೆಯೇ ಸಿಗುತ್ತವೆ. ಪ್ರವಾಸಕ್ಕೆ ನಾನೂ ಅದನ್ನೇ ಒಯ್ಯುತ್ತೇನೆ. ಆದರೆ 40 ಮೀಟರ್‌ನಲ್ಲಿ ಅದು 12 ಮೀಟರ್ ಎತ್ತರದ ಅರ್ಧ ತರಂಗಾಂತರದ ಅಡ್ಡ ತಂತಿಯೇ ಹೊರತು ಬೇರೇನಲ್ಲ. ಹೆಸರು ಬದಲಾಯಿತು, 62 ಡಿಗ್ರಿ ಬದಲಾಗಲಿಲ್ಲ. 20 ಮೀಟರ್‌ನಲ್ಲಿ ಅದೇ ತಂತಿ ಪೂರ್ಣ ತರಂಗಾಂತರವಾಗಿ ನಾಲ್ಕು ದಳಗಳಾಗಿ ಒಡೆಯುತ್ತದೆ, ತಂತಿಗೆ ಸರಿಯಾಗಿ ಅಡ್ಡಲಾದ ದಿಕ್ಕಿನಲ್ಲಿ, ಡೈಪೋಲ್ ಅತ್ಯಂತ ಬಲವಾಗಿರುವ ಕಡೆಯಲ್ಲೇ, ಪೊಳ್ಳು ಬೀಳುತ್ತದೆ. 15ರಲ್ಲಿ ಆರು ದಳಗಳು, 10ರಲ್ಲಿ ಎಂಟು. ಒಂದು ಬ್ಯಾಂಡಿನಲ್ಲಿ ಸಿಕ್ಕಿದ ದೇಶ ಇನ್ನೊಂದರಲ್ಲಿ ಮಾಯವಾದಾಗ ಅಯಾನುಗೋಳವನ್ನು ಬಯ್ಯುವ ಮೊದಲು ಈ ದಳಗಳನ್ನು ನೆನೆಯಬೇಕು. ಮತ್ತೆ, ತುದಿಯ ರೋಧ ಎರಡೂವರೆ ಸಾವಿರ ಓಮ್ ಎಂದುಕೊಂಡರೆ 100 ವ್ಯಾಟ್‌ಗೆ ಅಲ್ಲಿ 500 ವೋಲ್ಟ್ ಏಳುತ್ತದೆ, ಅದನ್ನು ಕೈಗೆಟಕುವಂತೆ ಕಟ್ಟುವುದು ಸಲ್ಲದು.

ಜಿ5ಆರ್‌ವಿ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಲೂಯಿಸ್ ವಾರ್ನಿ 1946ರಲ್ಲಿ ರೂಪಿಸಿದ ಈ ಆಂಟೆನಾ ಮೂಲತಃ 20 ಮೀಟರ್ ಬ್ಯಾಂಡಿನಲ್ಲಿ ಮೂರು ಅರ್ಧ ತರಂಗಾಂತರಗಳ ತಂತಿ. ಉಳಿದ ಬ್ಯಾಂಡುಗಳಲ್ಲಿ ಟ್ಯೂನರಿನ ನೆರವಿನಿಂದ ನಡೆಯುವ ಹೊಂದಾಣಿಕೆ. ಅದರ ಮೇಲ್ತಂತಿ 31 ಮೀಟರ್ ಉದ್ದ, ನಿಮ್ಮ ಕಂಬಗಳ ಅಂತರ 26. ಬಾಗಿಸಿ ತುರುಕಬಹುದು, ಆದರೆ ಮೇಲೆ ಹೇಳಿದ ಏರ್ಪಾಡಿಗಿಂತ ಯಾವ ಬ್ಯಾಂಡಿನಲ್ಲೂ ಅದು ನಿಮಗೆ ಹೆಚ್ಚೇನೂ ಕೊಡದು.

ಫೀಡ್‌ಲೈನ್ ಕುರಿತು ಎರಡು ಮಾತು. ತೆಳ್ಳನೆಯ ಆರ್‌ಜಿ-58 ಕೇಬಲ್ 30 ಮೀಟರ್ ಉದ್ದಕ್ಕೆ 28 ಮೆಗಾಹರ್ಟ್ಸ್‌ನಲ್ಲಿ 2 ಡೆಸಿಬೆಲ್‌ಗೂ ಹೆಚ್ಚು ನುಂಗುತ್ತದೆ, 7 ಮೆಗಾಹರ್ಟ್ಸ್‌ನಲ್ಲಿ ಅದರ ಅರ್ಧದಷ್ಟು. ಹಗ್ಗದಿಂದ ಜೋತುಬೀಳುವ ಭಾಗಕ್ಕೆ ಹಗುರವೆಂದು ಅದನ್ನೇ ಬಳಸಿ, ಕಂಬದ ಬುಡದಿಂದ ರಿಗ್ಗಿನವರೆಗೆ ದಪ್ಪನೆಯ ಕೇಬಲ್ ಹಾಕುವುದು ಜಾಣತನ. ಡೈಪೋಲ್‌ಗಳ ನಡುಬಿಂದುವಿನಲ್ಲೂ ವರ್ಟಿಕಲ್‌ನ ಬುಡದಲ್ಲೂ 1ಕ್ಕೆ 1ರ ಬ್ಯಾಲನ್, ಎಂದರೆ ಫೆರೈಟ್ ಬಳೆಯ ಮೇಲೆ ಹತ್ತು ಹನ್ನೆರಡು ಸುತ್ತು ಕೇಬಲ್, ಇರಲೇಬೇಕು. ಅದಿಲ್ಲದಿದ್ದರೆ ಕೇಬಲ್ಲಿನ ಹೊರಮೈಯೂ ಆಂಟೆನಾದ ಭಾಗವಾಗಿ, ಮನೆಯೊಳಗಿನ ಗದ್ದಲವನ್ನು ರಿಗ್ಗಿಗೆ ತಂದು ಸುರಿಯುತ್ತದೆ.

ಕಂಬ ಹತ್ತುವ ಮುನ್ನ ಒಂದು ಅಳತೆ ಮಾಡಿ: ತಂತಿ ತುಂಡಾಗಿ ಯಾವ ಕಡೆಗೆ ಬಿದ್ದರೂ, ಗಳು ಕೈಜಾರಿ ಯಾವ ಕಡೆಗೆ ವಾಲಿದರೂ ವಿದ್ಯುತ್ ತಂತಿಗೆ ತಾಗಬಾರದು. ತಾಗುವಂತಿದ್ದರೆ ಜಾಗ ಬದಲಾಯಿಸಿ, ಇದರಲ್ಲಿ ರಾಜಿ ಇಲ್ಲ. ಮಿಂಚು ಗುಡುಗಿನ ಮುನ್ಸೂಚನೆ ಕಂಡೊಡನೆ ಕೇಬಲ್‌ಗಳನ್ನು ಮನೆಯ ಹೊರಗೇ ಬಿಡಿಸಿಡುವ ವ್ಯವಸ್ಥೆಯನ್ನೂ ಈಗಲೇ ಮಾಡಿಕೊಳ್ಳಿ.

ಎಲ್ಲವನ್ನೂ ಒಮ್ಮೆಗೇ ಕಟ್ಟಬೇಡಿ. ಮೊದಲು 20 ಮೀಟರ್ ಡೈಪೋಲ್ ಒಂದನ್ನೇ ಏರಿಸಿ, ಅದು ಸರಿಹೋದ ಮೇಲೆ ಚಿಕ್ಕ ಜೋಡಿಗಳನ್ನು ಸೇರಿಸಿ. ವರ್ಟಿಕಲ್ ಇನ್ನೊಂದು ವಾರ. ಡೈಪೋಲನ್ನು ಹಗ್ಗದ ಒಂದು ಬದಿಗೆ ಸರಿಸಿ, ವರ್ಟಿಕಲ್ಲನ್ನು ಎದುರು ಬದಿಯ ಕಂಬದಿಂದ ಅರ್ಧ ಮೀಟರ್ ಆಚೆ ಇಳಿಬಿಟ್ಟರೆ ಒಂದು ಇನ್ನೊಂದಕ್ಕೆ ಅಡ್ಡಿಯಾಗದು. ಫಲಿತಾಂಶವನ್ನು ಅಳೆಯುವಾಗ ನಿನ್ನೆಯ ಆಂಟೆನಾವನ್ನು ಇಂದಿನದಕ್ಕೆ ಹೋಲಿಸಬೇಡಿ, ಅಯಾನುಗೋಳ ನಿಮಿಷದೊಳಗೆ 10 ಡೆಸಿಬೆಲ್ ಏರಿಳಿಯಬಲ್ಲದು. ಎರಡೂ ಒಂದೇ ಸ್ವಿಚ್ಚಿನಲ್ಲಿದ್ದು, ಒಂದೇ ಸಂಕೇತದ ಮೇಲೆ ಹತ್ತಾರು ಸಲ ಹಿಂದೆಮುಂದೆ ತಿರುಗಿಸಿ ನೋಡಿದಾಗ ಮಾತ್ರ ಹೋಲಿಕೆಗೆ ಅರ್ಥ. 14.100 ಮೆಗಾಹರ್ಟ್ಸ್‌ನಲ್ಲಿ ಜಗತ್ತಿನ ಬೇರೆಬೇರೆ ಮೂಲೆಗಳ 18 ಬೀಕನ್‌ಗಳು (ತಾವಾಗಿಯೇ ಸಂಕೇತ ಕಳುಹಿಸುವ ಕೇಂದ್ರಗಳು) ಮೂರು ನಿಮಿಷಗಳ ಸರದಿಯಲ್ಲಿ ತಲಾ 10 ಸೆಕೆಂಡಿನಂತೆ ಕೇಳಿಸುತ್ತವೆ. ಪ್ರತಿಯೊಂದೂ ತನ್ನ ಕರೆಸಂಕೇತದ ನಂತರ 100, 10, 1 ಮತ್ತು 0.1 ವ್ಯಾಟ್‌ನಲ್ಲಿ ನಾಲ್ಕು ಗೆರೆಗಳನ್ನು (ಉದ್ದ ಸದ್ದುಗಳನ್ನು) ಕಳುಹಿಸುತ್ತದೆ. ಹಳೆಯ ವೀ ಆಂಟೆನಾದಲ್ಲಿ ಎಷ್ಟು ಗೆರೆಗಳು ಕೇಳಿದವು, ಹೊಸ ಡೈಪೋಲ್‌ನಲ್ಲಿ ಎಷ್ಟು ಎಂದು ಎಣಿಸಿದರೆ ಸಾಕು, ಉಪಕರಣವೇ ಬೇಡ. 40 ಮೀಟರ್‌ನಲ್ಲಿ ಆ ಬೀಕನ್‌ಗಳಿಲ್ಲ. ಅಲ್ಲಿ ಡಬ್ಲ್ಯೂಎಸ್‌ಪಿಆರ್ ಎಂಬ, ಕ್ಷೀಣ ಸಂಕೇತಗಳನ್ನು ಕಂಪ್ಯೂಟರ್ ಗುರುತಿಸುವ ವಿಧಾನದಲ್ಲಿ ಕಡಿಮೆ ಶಕ್ತಿಯಲ್ಲಿ ಎರಡೆರಡು ನಿಮಿಷದ ಸಂಕೇತಗಳನ್ನು ವೀ ಮತ್ತು ವರ್ಟಿಕಲ್‌ನಿಂದ ಸರದಿಯಂತೆ ಕಳುಹಿಸಿ, ದೂರದ ಕೇಂದ್ರಗಳು ದಾಖಲಿಸಿದ ಮಟ್ಟಗಳನ್ನು ಎರಡು ಪಟ್ಟಿಗಳಾಗಿ ಬರೆದಿಡಿ. ಈ ಪರೀಕ್ಷೆಯನ್ನು ನಡುಹಗಲಿನಲ್ಲಿ ಮಾಡಬೇಡಿ. ಸೂರ್ಯ ಮುಳುಗುವ ಅಥವಾ ಮೂಡುವ ಹೊತ್ತಿನ ಆಚೀಚಿನ ಅರ್ಧ ಗಂಟೆಯಲ್ಲಿ, ಡಿ ಪದರ ತೆಳುವಾಗಿ ಎಫ್ ಪದರ ಇನ್ನೂ ಗಟ್ಟಿಯಾಗಿರುವಾಗ, ಕನಿಷ್ಠ ನಾಲ್ಕೈದು ದಿನ ಮಾಡಿ. ವರ್ಟಿಕಲ್ ತನ್ನ ನಿಜವಾದ ಬಲವನ್ನು ತೋರಿಸುವುದು ಆ ಹೊತ್ತಿನಲ್ಲಿ.